ಆಟಿಗೂ ಬಂದ ವಿಡಿಯೋ ಕಾಲ್

ನನ್ನ ಗಂಡ ಗಲ್ಫಿನಲ್ಲಿ ಸ್ಟೋರ್‌ಕೀಪರ್. ಮದುವೆಯ ರಜೆ ಮುಗಿಸಿ ಹೋದ ಮೇಲೆ ಅವರು ಶಕ್ತಿನಗರದಲ್ಲಿರುವ ನನ್ನ ಅತ್ತೆಮನೆಯಲ್ಲಿರಲಿಲ್ಲ ಎನ್ನುವ ಹಾಗೂ ಇರಲಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಮಧ್ಯಾಹ್ನ ಅವರ ಊಟದ ಬಿಡುವಿಡೀ ಇರುತ್ತಿದ್ದರು. ಮಾತು ಕಡಿಮೆ. ನಾನು ಮೀನು ತೊಳೆಯುವುದನ್ನು ನೋಡುತ್ತಿದ್ದರು, ಅಷ್ಟೆ. ಸ್ವಲ್ಪ ಆಚೆ ಸರಿದರೆ, "ಎಲ್ಲಿಗೆ ಹೋದದ್ದು ಮಾರಾಯ್ತಿ, ಕಾಣುವುದಿಲ್ಲ" ಎನ್ನುತ್ತಿದ್ದರು.

ಕೆಟ್ಟ ಮನುಷ್ಯರೇನಲ್ಲ. ಹತ್ತಾರು ಮಂದಿಯ ನಡುವೆ ಮಲಗಿ ಏಳುವ ಕಡೆ ಮನೆಯ ನೆನಪಾಗದೆ ಇರುತ್ತದೆಯೆ? ಇದು ನನಗೆ ಅರ್ಥವಾಗುತ್ತಿದ್ದುದರಿಂದಲೇ ಸಿಟ್ಟು ಮಾಡಿಕೊಳ್ಳಲೂ ದಾರಿಯಿರಲಿಲ್ಲ. ಅದೇ ನನ್ನನ್ನು ಹೆಚ್ಚು ಉಸಿರುಗಟ್ಟಿಸುತ್ತಿತ್ತು.

ನಾನು ನರ್ಸ್. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿಯುವ ಆಸೆಯಿಂದ ಮದುವೆಗೆ ಮೊದಲೇ ಆನ್‌ಲೈನಿನಲ್ಲಿ ಜರ್ಮನ್ ಕಲಿಯಲು ಸೇರಿದ್ದೆ. ಟೀಚರ್ ನಮ್ಮನ್ನು ಇಬ್ಬಿಬ್ಬರನ್ನಾಗಿ ಮಾಡಿ ಪರದೆಯ ಮೇಲೆಯೇ ಬೇರೆ ಬೇರೆ ಕೋಣೆಗೆ ಕಳುಹಿಸುತ್ತಿದ್ದರು. ಅಲ್ಲಿ ಬಾಯಿ ಬಿಡಲೇಬೇಕು. ಆದರೆ ಕ್ಲಾಸೂ ಗಂಡನ ಊಟದ ಬಿಡುವೂ ಒಂದೇ ಹೊತ್ತಿಗೆ. "ಕಲಿ, ನಾನು ಬೇಡ ಹೇಳ್ತೇನಾ? ಸುಮ್ಮನೆ ಇರ್ತೇನೆ, ಫೋನ್ ಅಲ್ಲೇ ಇರ್ಲಿ" ಎಂದಿದ್ದರು. ಅವರು ಸುಮ್ಮನೆ ನೋಡುತ್ತಿದ್ದರೆ ನನಗೆ ಬರುವ ಜರ್ಮನ್ನೂ ಬರುತ್ತಿರಲಿಲ್ಲ.

ನಾನು ಕಾಯುತ್ತಿದ್ದದ್ದು ಆಷಾಢದ ಹೊತ್ತಿಗೆ ಬರುವ ನಮ್ಮ ಆಟಿ ತಿಂಗಳಿಗೆ. ಮದುವೆಯಾದ ಮೊದಲ ಆಟಿಯಲ್ಲಿ ಗಂಡ ಹೆಂಡತಿ ಒಟ್ಟಿಗಿರಬಾರದು, ಮದುಮಗಳು ತಾಯಿಮನೆಯಲ್ಲಿರಬೇಕು ಎಂಬುದು ನಮ್ಮಲ್ಲಿಯ ಕ್ರಮ. ಗಂಡ ಮೊದಲೇ ಸಮುದ್ರದಾಚೆ. ಆದರೂ ಅತ್ತೆ ಕ್ರಮ ಬಿಡಲಿಲ್ಲ. ಜರ್ಮನ್ ಮಾತಾಡುವ ಪರೀಕ್ಷೆಯೂ ಅದೇ ತಿಂಗಳಿಗೆ ಬಿದ್ದಿತು. ಅದನ್ನು ದಾಟದವರಿಗೆ ಮುಂದಿನ ತರಗತಿಯಿಲ್ಲ. ಫಳ್ನೀರಿನ ಅಮ್ಮನ ಫ್ಲ್ಯಾಟಿಗೆ ಬ್ಯಾಗ್ ಹೊತ್ತು ಬಂದ ದಿನ ಆಟಿಯ ಕ್ರಮ ಮಾಡಿದ ಹಿರಿಯರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಪರೀಕ್ಷೆಯ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡೆ. ಮೊಬೈಲ್ ಆಫ್. ಲ್ಯಾಪ್‌ಟಾಪಿನಲ್ಲಿ ನನ್ನ ಜೊತೆಗಾತಿ, ಟೀಚರ್ ಇಬ್ಬರೂ ಬಂದರು. ನನ್ನ ಹೆಸರು, ಊರು ಸಲೀಸಾಗಿ ಹೇಳಿದೆ. ನನ್ನ ದನಿ ನನಗೇ ಇಷ್ಟವಾಯಿತು.

ಅಷ್ಟರಲ್ಲಿ ಅಮ್ಮ ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಅವಳ ಮೊಬೈಲ್, ಅದರಲ್ಲಿ ಅಳಿಯ.

"ಪಾಪ, ಎಷ್ಟು ಸಲ ಕಾಲ್ ಮಾಡುದು ಅವರು? ಅಳಿಯನನ್ನು ಯಾರಾದ್ರೂ ಬಾಗಿಲಲ್ಲಿ ನಿಲ್ಲಿಸ್ತಾರಾ?"

"ಅಮ್ಮ, ಪರೀಕ್ಷೆ ಉಂಟು."

"ಉಂಟಾದರೆ ಎಂತ? ಅವರು ಮಾತಾಡುದಿಲ್ಲ." ಅಳಿಯ ಬಂದರೆ ಕುರ್ಚಿ ಕೊಡಬೇಕಲ್ಲ; ಅಮ್ಮ ಕುರ್ಚಿ ಎಳೆದು, ದಿಂಬಿಟ್ಟು, ಮೊಬೈಲನ್ನು ಅದಕ್ಕೆ ಒರಗಿಸಿದಳು. ಸರಿಯಾಗಿ ನನ್ನೆದುರಿಗೆ. ಸೆರಗಿನಿಂದ ಕ್ಯಾಮೆರಾ ಬೇರೆ ಒರೆಸಿದಳು.

"ನಾನಿದ್ದೇನೆ ಅಂತ ಗ್ರಹಿಸ್ಬೇಡ, ನೀನು ಮಾತಾಡು" ಎಂದರು ಗಂಡ. ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು.

ಬಿಡುವಿನ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಜೊತೆಗಾತಿ ಜರ್ಮನ್ನಿನಲ್ಲಿ ಕೇಳಿದಳು. ಉತ್ತರ ಬಾಯಿಪಾಠವಾಗಿತ್ತು. ಕುರ್ಚಿ ನನ್ನನ್ನೇ ನೋಡುತ್ತಿತ್ತು, ಅಮ್ಮನೂ. ಜೊತೆಗಾತಿ ಇನ್ನೊಮ್ಮೆ ಕೇಳಿದಳು. ಟೀಚರ್ ಕೈಯಾಡಿಸಿ ಕೇಳಿಸುತ್ತಿದೆಯೇ ಎಂದರು. ನಾನು ಕ್ಲಾಸಿನ ಮೈಕ್ ಆಫ್ ಮಾಡಿದೆ, ಆಮೇಲೆ ಕ್ಯಾಮೆರಾವನ್ನೂ.

"ನೆಟ್‌ವರ್ಕ್ ಹೋಯ್ತು" ಎಂದೆ ಕುರ್ಚಿಯ ಕಡೆ ತಿರುಗಿ.

"ಹೋಗ್ಲಿ ಬಿಡು" ಎಂದಳು ಅಮ್ಮ, "ನಾಳೆ ಉಂಟಲ್ಲ ಕ್ಲಾಸ್."