ಬಾಯಿ ತೆರೆದ ಗಿಂಡಿ

ಹುಣಸೆಹಣ್ಣು ತಗುಲಿದ ಹಿತ್ತಾಳೆಗೆ ಒಂದು ಹುಳಿವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ನಮ್ಮ ಮನೆಯ ಗಿಂಡಿ ಉಜ್ಜುತ್ತಿದ್ದಾಗ ಆ ವಾಸನೆ ನನ್ನನ್ನು ತೊಂಬತ್ತರ ದಶಕದ ಚಾಮರಾಜಪೇಟೆಗೆ ಎಳೆದುಕೊಂಡು ಹೋಯಿತು.

ಆಗ ನನ್ನದು ಸ್ಟೀಲ್ ಪಾತ್ರೆ ಅಂಗಡಿ. ಊರಿನಿಂದ ಬರಿಗೈಯಲ್ಲಿ ಬಂದು, ಬಾಯಿಯ ಬಲದಿಂದ ಕಟ್ಟಿದ್ದು. ಜನ ಅಜ್ಜಿ ಕಾಲದ ಹಿತ್ತಾಳೆ ಕೊಟ್ಟು ಹೊಳೆಯುವ ಸ್ಟೀಲು ಒಯ್ಯುತ್ತಿದ್ದ ಕಾಲ. ಹಳೇ ಪಾತ್ರೆ ಕೊಳ್ಳುವವರಿಗೆ ನನ್ನದೊಂದು ಕಿವಿಮಾತು: ತೂಗುವ ಮುನ್ನ ಮೂತಿ, ಹಿಡಿ ಒಡೆದು ನೋಡಿ. ಒಳಗೆ ಅರಗು ತುಂಬಿದ್ದರೆ ಅದಕ್ಕೂ ಹಿತ್ತಾಳೆಯ ಬೆಲೆ ತೆರುತ್ತೀರಿ. ಹೇಗೂ ಎಲ್ಲ ಕುಲುಮೆಗೆ ಹೋಗುವುದೇ ತಾನೆ.

ಎನ್.ಆರ್. ಕಾಲೋನಿಯ ಸಾವಿತ್ರಮ್ಮನವರು ಒಂದು ದಿನ ಅಂಗಡಿಗೆ ಬಂದು ಚೀಲದಿಂದ ತೆಗೆದಿಟ್ಟದ್ದು ಕಪ್ಪುಗಟ್ಟಿದ, ಉದ್ದ ಕತ್ತಿನ ಈ ಗಿಂಡಿ. ಮೂತಿಯ ಜಾಗದಲ್ಲಿ ಬಾಯಿ ತೆರೆದ ಯಾವುದೋ ಪ್ರಾಣಿ.

"ಇದೇನಮ್ಮಾ, ಹಾವಾ?"

"ದೇವಸ್ಥಾನದ ಕಂಬದಲ್ಲಿರತ್ತಲ್ಲ, ಆ ಯಾಳಿ ಇರ್ಬೇಕು. ನಮ್ಮತ್ತೆ ಕಾಲದ್ದು. ಮೊಮ್ಮಗಳು ಹೆದರ್ಕೋತಾಳೆ. ಒಡೆದು ತೂಕಕ್ಕೆ ಹಾಕ್ಕೊಳ್ಳಿ, ನಂಗೊಂದು ದೊಡ್ಡ ಡಬರಿ ಕೊಡಿ."

ಮೂತಿ ಟೊಳ್ಳೋ ಇಲ್ಲವೋ ನೋಡೋಣವೆಂದು ನೀರು ತುಂಬಿ ಬಗ್ಗಿಸಿದೆ. ಗಂಟಲಲ್ಲಿ ಗುಳುಗುಳು ಸದ್ದು ಹುಟ್ಟಿ, ಹಲ್ಲುಗಳ ನಡುವಿನಿಂದ ನೀರು ಬಿಲ್ಲಿನಂತೆ ಚಿಮ್ಮಿತು. ಒದ್ದೆಯಾದೊಡನೆ ಕೆತ್ತನೆ ಎದ್ದು ಬಂತು: ಒಂದೊಂದಾಗಿ ಕೊರೆದ ಚಿಪ್ಪು, ಹಿಂದಕ್ಕೆ ಮಡಿಚಿದ ಕಿವಿ, ಸುರುಳಿ ಮೀಸೆ. ಇನ್ನು ಹಿಡಿ ಒಡೆಯಬೇಕು. ಸುತ್ತಿಗೆ ಎತ್ತಿದವನು ನೋಡುತ್ತೇನೆ, ಹಿಡಿಯೂ ಅಂಥದೇ ಇನ್ನೊಂದು ಪ್ರಾಣಿ! ಗಿಂಡಿಯ ಅಂಚನ್ನು ಕಚ್ಚಿಕೊಂಡು ಬಾಗಿ ನಿಂತಿತ್ತು; ಅದರ ಬೆನ್ನೆಲುಬು ನನ್ನ ಅಂಗೈಯೊಳಗಿತ್ತು. ಅರಗಿದ್ದರೆ ಇರಲಿ ಎಂದು ಸುತ್ತಿಗೆ ಕೆಳಗಿಟ್ಟೆ.

ಸಾವಿತ್ರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ನಿಮ್ಮ ಕಣ್ಣು ನೋಡಿದ್ರೆ ಒಳ್ಳೇ ಸಾಮಾನೇ ಅನ್ನಿ. ಡಬರಿ ಜೊತೆ ಕುಕ್ಕರೂ ಕೊಟ್ಬಿಡಿ."

"ಅನ್ಯಾಯ ಅಮ್ಮಾ!"

"ಹಾಗಾದ್ರೆ ಒಡೀರಿ, ನೋಡೋಣ."

ಕುಕ್ಕರ್ ಕೊಟ್ಟೆ. ಮುಚ್ಚಳಕ್ಕೆಂದು ಇನ್ನೊಂದು ರಬ್ಬರನ್ನೂ ಇಸಿದುಕೊಂಡರು. ಮಾರುವವರ ಮುಂದೆ ಬೆರಗಾಗಬಾರದು ಎಂಬುದನ್ನೂ ನನ್ನ ಕಿವಿಮಾತಿಗೆ ಸೇರಿಸಿಕೊಳ್ಳಿ.

ಎಷ್ಟೋ ವರ್ಷಗಳ ಮೇಲೆ ವಸ್ತುಸಂಗ್ರಹಾಲಯವೊಂದರ ಗಾಜಿನೊಳಗೆ ಇದರ ಅಣ್ಣನನ್ನು ಕಂಡೆ. ಪಕ್ಕದ ಫಲಕದ ಪ್ರಕಾರ ಆ ಪ್ರಾಣಿ ಡ್ರ್ಯಾಗನ್ ಅಂತೆ. ಅದರ ರೂಪ ಚೀನಾದಿಂದ ಪರ್ಷಿಯಾಕ್ಕೆ, ಅಲ್ಲಿಂದ ದಖ್ಖನ್ನಿಗೆ ಕಸುಬುದಾರರ ಕೈಯಿಂದ ಕೈಗೆ ದಾಟಿ ಬಂದದ್ದಂತೆ. ಅಷ್ಟು ದೂರ ಬಂದು ನನ್ನ ಸುತ್ತಿಗೆಯ ಕೆಳಗೆ ಕೂತಿತ್ತು!

ಇವತ್ತು ಉಜ್ಜಿ ಮುಗಿಸುವಷ್ಟರಲ್ಲಿ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಬಂದರು. "ಎಷ್ಟಕ್ಕೆ ಕೊಡ್ತೀರಿ ಸಾರ್?" ಎಂದರು, ಮುಖದಲ್ಲಿ ಏನನ್ನೂ ತೋರಿಸದೆ. ಪಳಗಿದ ಕೈ. ಯಾವುದಕ್ಕಾದರೂ ತಟ್ಟನೆ ಬೆಲೆ ಹೇಳುವ ನಾನು ಬೆಲೆಯ ಬದಲು ಗಿಂಡಿಯನ್ನು ಕೈಗೆತ್ತಿಕೊಂಡೆ.

"ಕೈ ಒಡ್ಡಿ," ಎಂದು ನೀರು ತುಂಬಿ ಬಗ್ಗಿಸಿದೆ. ಗಂಟಲು ಗುಳುಗುಳು ಎಂದಿತು. ನೀರು ನಿಂತ ಮೇಲೂ ಅವರ ಬೊಗಸೆ ಒಡ್ಡಿದಂತೆಯೇ ಇತ್ತು, ಕಣ್ಣು ಆ ಮೂತಿಯ ಮೇಲೇ ಇತ್ತು.