ನೀಲಾಂಬರಿಗೆ ನಾನು ಕಟ್ಟಿದ ಕಥೆ

ನನ್ನ ಗುರುಗಳಾದ ಮರುಳಯ್ಯನವರು ಜೋಡಿ ಪಿಟೀಲಿಗೆಂದು ರಚಿಸಿದ ನೀಲಾಂಬರಿ ರಾಗದ ಕೃತಿಯ ಹಿಂದೆ ಒಂದು ಹಸುವಿನ ಕಥೆಯಿದೆ ಎಂದು ನಾನು ವೇದಿಕೆಗಳಲ್ಲಿ ಹೇಳುತ್ತಿದ್ದೆನಲ್ಲ — ಅದು ಸುಳ್ಳು. ಅಂಥ ಹಸು ಇರಲೇ ಇಲ್ಲ. ನಿಜ ಏನೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಗುರುಗಳ ತಂಗಿ ಗಿರಿಜಮ್ಮ ಕಡೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಹೆಂಡತಿ. ಚೊಚ್ಚಲ ಬಾಣಂತನಕ್ಕೆ ಅಜ್ಜಂಪುರದ ತವರಿಗೆ ಬಂದಾಗ, ಮಗುವನ್ನು ಮಲಗಿಸುತ್ತಾ ಮಾತಿಲ್ಲದ ಒಂದು ಧಾಟಿಯನ್ನು ಗುನುಗುತ್ತಿದ್ದರಂತೆ. ಮಗು ಉಳಿಯಲಿಲ್ಲ. ಮುಂದೆ ಮಕ್ಕಳೂ ಆಗಲಿಲ್ಲ. ತಂಗಿ ಮತ್ತೆಂದೂ ಗುನುಗದ ಆ ಧಾಟಿಯನ್ನು ಹಿಡಿದೇ ಗುರುಗಳು ನೀಲಾಂಬರಿಯನ್ನು ಕಟ್ಟಿದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ, ಹಾಸಿಗೆ ಹಿಡಿದಿದ್ದಾಗ, ತಮ್ಮ ಒಂದೊಂದು ರಚನೆಯ ಹುಟ್ಟನ್ನೂ ನನಗೆ ಹೇಳುತ್ತಾ ಇದನ್ನೂ ಹೇಳಿದರು.

"ಅದು ನಮ್ ಗಿರಿಜಂದು ಕಣಮ್ಮ. ಅವ್ಳ ಮುಂದೆ ಆ ಮಾತೆತ್ತೋಕೆ ನಂಗೆ ಧೈರ್ಯ ಬರ್ಲಿಲ್ಲ. ನುಡಿಸೋವಾಗ ನೀನು ಹೇಳು. ಅವ್ಳು ಕೇಳೋ ಹಂಗೆ ಹೇಳು."

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಗುರುಗಳು ತೀರಿಕೊಂಡ ಮೇಲೆ ತರೀಕೆರೆಯಲ್ಲಿ ಅವರ ನೆನಪಿನ ಕಛೇರಿ ನಡೆಯಿತು. ಪ್ರತಿ ರಚನೆಗೂ ಮುಂಚೆ ಅದರ ಹಿಂದಿನ ಕಥೆ ಹೇಳಿ ಎಂದು ನಡೆಸುವವರು ಕೇಳಿಕೊಂಡಿದ್ದರು. ಮಿಕ್ಕವನ್ನೆಲ್ಲ ಗುರುಗಳು ಹೇಳಿದಂತೆಯೇ ಹೇಳಿದೆ. ನೀಲಾಂಬರಿ ಬಂದಾಗ ನಾಲಿಗೆ ತಡೆಯಿತು. ಅಷ್ಟು ದೊಡ್ಡ ವಿದ್ವಾಂಸರ ಅಷ್ಟು ದೊಡ್ಡ ಕೃತಿ ಕೊಬ್ಬರಿ ವ್ಯಾಪಾರಿಯ ಹೆಂಡತಿಯ ಗುನುಗಿನಿಂದ ಬಂತು ಎಂದರೆ ಗುರುಗಳು ಸಣ್ಣವರಾಗುತ್ತಾರೆ ಅನ್ನಿಸಿತು. ಹೀಗೆ ಅಂದುಕೊಂಡ ನಾನೂ ಹೆಂಗಸೇ — ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ಅಮೃತಮಹಲ್ ತಳಿಯ ಹಸುವೊಂದು ಕಳೆದುಹೋದ ಕರುವನ್ನು ಕೂಗುತ್ತಿತ್ತು, ಗುರುಗಳು ಅದನ್ನು ಕೇಳಿ ಮನೆಗೆ ಬಂದವರೇ ಪಿಟೀಲು ಕೈಗೆತ್ತಿಕೊಂಡರು ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ — ಆದರೆ ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ನಿಲ್ಲಲಿಲ್ಲ. ಮುಂದೆ ಹೋದ ಕಡೆಯೆಲ್ಲ ಯೋಚಿಸಿಯೇ ಹೇಳಿದೆ. ಮಗು ಕಳೆದುಕೊಂಡ ತಾಯಿಯ ಜಾಗದಲ್ಲಿ ಒಂದು ಹಸುವನ್ನು ತಂದು ನಿಲ್ಲಿಸಿದ್ದೆ.

ಕಡೂರಿನ ಕಛೇರಿಗೆ ಗಿರಿಜಮ್ಮ ಬಂದಿದ್ದರು. ಮುಂದಿನ ಸಾಲಿನಲ್ಲೇ ಕೂತಿದ್ದರು, ನಾನು ನೋಡಿದೆ. ಗುರುಗಳು ಬೇಡಿದ ಗಳಿಗೆ ಅದೇ ಆಗಿತ್ತು. ಆದರೆ ಸಭೆಯಲ್ಲಿ ಹಸುವಿನ ಕಥೆ ಕೇಳಿದ್ದವರು ಇನ್ನೆಷ್ಟು ಜನರಿದ್ದರೋ — ಅದನ್ನೇ ಹೇಳಿದೆ.

ಮುಗಿದ ಮೇಲೆ ಗಿರಿಜಮ್ಮ ವೇದಿಕೆಯ ಹಿಂದೆ ಬಂದು ನನ್ನ ಕೈ ಹಿಡಿದುಕೊಂಡರು.

"ಅಣ್ಣ ಹಂಗಂತ ಹೇಳಿದ್ನೇನವ್ವಾ? ಹಸು ಕೂಗಿದ್ದು ಕೇಳಿ ಮಾಡ್ದೆ ಅಂತ?"

ಸುತ್ತ ನಾಲ್ಕಾರು ಜನ ನಿಂತಿದ್ದರು.

"ಹೌದಮ್ಮ. ಅವರೇ ಹೇಳಿದ್ದು."

ಅವರು ಕೈ ಬಿಟ್ಟರು. "ಹೋಗ್ಲಿ ಬಿಡು. ನಾನೇ ಏನೋ ಅನ್ಕೊಂಡಿದ್ದೆ."

ಆಮೇಲೆ ಅವರ ಮನೆಗೆ ಹೋಗಿದ್ದೇನೆ. ಈ ಸಲ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೇನೆ. ಕಾಫಿ ಕೊಟ್ಟರು, ನನ್ನ ಸ್ಕೂಲಿನ ಕೆಲಸ ವಿಚಾರಿಸಿದರು. ಅಣ್ಣನ ಮಾತು ಅವರೂ ತೆಗೆಯಲಿಲ್ಲ, ನಾನೂ... ಹಾಗೇ ಎದ್ದು ಬಂದೆ.

ಕೆಲವು ವರ್ಷಗಳಲ್ಲಿ ಗಿರಿಜಮ್ಮ ಹೋದರು. ಮಾತಾಡಿಸಲು ಹೋದಾಗ ಅವರ ಯಜಮಾನರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಮೊಳೆ ಮಾತ್ರ ಇತ್ತು.

"ಇಲ್ಲಿ ನಿಮ್ ಗುರುಗಳ ಫೋಟೊ ಇತ್ತು ಕಣಮ್ಮ. ಇಲ್ಲಿ ನಡೆದ ನಿನ್ ಕಛೇರಿಯಿಂದ ಬಂದೋಳೇ ತೆಗೆದಿಟ್ಬಿಟ್ಲು. ಯಾಕೇ ಅಂದ್ರೆ ಬಾಯೇ ಬಿಡ್ಲಿಲ್ಲ. ನಿಂಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಎಂದೆ.