ಮಗ್ಗದ ಕುಣಿಯಲ್ಲಿ ಮೋಟಾರಿನ ಲಿಫ್ಟು

ಮೋಟಾರನ್ನು ಕೆಳಗಿನಿಂದ ನೋಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲೆ ಎಷ್ಟು ಠೀವಿಯೋ ಕೆಳಗೆ ಅಷ್ಟೇ ದೈನ್ಯ: ಎಣ್ಣೆ, ಎರೆಮಣ್ಣು, ಸಿಕ್ಕಿಕೊಂಡ ಜೋಳದ ರವದಿ. ನಮ್ಮ ಹಿರಿಯರು ದೇವರುಗಳಿಗೆ ಗರುಡ, ನಂದಿ, ಇಲಿ ಎಂದು ಧಾರಾಳವಾಗಿ ವಾಹನ ಹಂಚಿದರು. ಅವುಗಳ ಹೊಟ್ಟೆಯ ಕೆಳಗೆ ನುಸುಳಿ ರಿಪೇರಿ ಮಾಡಲು ಮಾತ್ರ ಒಬ್ಬ ದೇವರನ್ನೂ ನೇಮಿಸಲಿಲ್ಲ. ಆ ಕೆಲಸ ಕೊನೆಗೆ ನಮ್ಮ ಅಣ್ಣ ಈರಣ್ಣನ ಪಾಲಿಗೆ ಬಂತು.

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ಅಪ್ಪನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ಸೀರೆ ನೇಯುತ್ತಿದ್ದ. ಒಂದು ಮಧ್ಯಾಹ್ನ ಕುಳಿತಲ್ಲೇ ತೀರಿಕೊಂಡ. ಮಗ್ಗವನ್ನು ಬಿಚ್ಚಿ ಕಾಕಾನ ಮನೆಗೆ ಸಾಗಿಸಿದೆವು. ಕುಣಿಯನ್ನು ಸಾಗಿಸಲು ಬರುವುದಿಲ್ಲವಲ್ಲ, ಅದು ಉಳಿಯಿತು. ಇನ್ನೊಬ್ಬರ ಕಾಲು ಇಳಿಯುವವರೆಗೆ ಕುಣಿಯನ್ನು ಬರಿದಾಗಿ ಬಿಡಬಾರದೆಂಬುದು ನಮ್ಮ ಮನೆಯ ರೂಢಿ. ಅವ್ವ ಅದಕ್ಕೆ ಹಲಗೆ ಮುಚ್ಚಿ ದಿನಾ ಸಂಜೆ ದೀಪ ಇಡುತ್ತಿದ್ದಳು.

ಕರ್ನಾಟಕ ಒಂದಾಗುವ ಮಾತು ಕಟ್ಟೆಕಟ್ಟೆಯ ಮೇಲೆ ನಡೆಯುತ್ತಿದ್ದ ಕಾಲ. ಹುಬ್ಬಳ್ಳಿಯಲ್ಲಿ ಮೋಟಾರ್ ಕೆಲಸ ಕಲಿತು ಬಂದ ಅಣ್ಣ ಮಗ್ಗದ ಪಡಸಾಲೆಯ ಗೋಡೆ ಒಡೆದು ರಿಪೇರಿ ಅಂಗಡಿ ತೆರೆದ.

“ಕುಣಿ ಹ್ಯಾಂಗೂ ಐತಿ. ಒಂದೀಟ ಉದ್ದ, ಆಳ ಮಾಡಿದ್ರ ಮೋಟಾರ ಮ್ಯಾಲ ನಿಲ್ಲಿಸಿ ಕೆಳಗ ನಿಂತ ಕೆಲಸ ಮಾಡಬಹುದು” ಎಂದ. ಮಾತು ಸರಿಯಾಗಿಯೇ ಇತ್ತು, ಹಾಗೇ ಅಗೆಸಿದ.

ಮೊದಲು ಬಂದದ್ದು ಜಕ್ಕಲಿಯ ಗೌಡರ ಕಾರು. ಅಣ್ಣ ಕೆಳಗಿಳಿದ. ನಾನು ಹೊಸ್ತಿಲಲ್ಲಿ ಪೇಪರು ಓದುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಾರಿನ ಕೆಳಗಿನಿಂದ ದಡ್, ದಡ್ ಎಂದು ಸದ್ದು ಬಂತು. ನಾನು ಹುಟ್ಟಿದಾಗಿನಿಂದ ಕೇಳಿ ಬೆಳೆದ ಮಗ್ಗದ ಸದ್ದು. ಬಗ್ಗಿ ನೋಡಿದರೆ, ನೇಕಾರನ ಮಗ ಮಾತ್ರ ಮಾಡಬಹುದಾದ ತಪ್ಪನ್ನು ಅಣ್ಣ ಮಾಡಿದ್ದ. ಕುಣಿಯಲ್ಲಿ ನಿಲ್ಲುವುದು ಬಿಟ್ಟು, ತಲೆ ತಗ್ಗಿಸಿ ಅದರ ಅಂಚಿಗೆ ಕುಳಿತಿದ್ದ. ನಟ್ಟು ಬಿಚ್ಚುವ ಪಾನಾ ಮಡಿಲಲ್ಲಿ ಬಿದ್ದಿತ್ತು. ಅವನ ಕಾಲುಗಳು ಅಲ್ಲಿ ಇಲ್ಲವೇ ಇಲ್ಲದ ಮಗ್ಗದ ಹಲಗೆಯನ್ನು ತುಳಿಯುತ್ತಿದ್ದವು. ಕೂಗಿದರೆ ಕೇಳಿಸಲಿಲ್ಲ. ರಟ್ಟೆ ಹಿಡಿದು ಎಳೆದಾಗ, “ತಡಿಯೋ, ಸೀರಿ ದಡಿ ಇನ್ನೂ ಮುಗದಿಲ್ಲ” ಎಂದ.

ಕುಣಿಗೆ ಇಳಿಯದೆ ಕೆಲಸ ಮಾಡುವಂಥ ಸಾಧನ ಕೊಳ್ಳಲು ಅವ್ವ ಮರುದಿನವೇ ನಮ್ಮಿಬ್ಬರನ್ನೂ ಹುಬ್ಬಳ್ಳಿಗೆ ಹೊರಡಿಸಿದಳು, ತಾನೂ ಬಂದಳು. ಹಳೇ ಸಾಮಾನಿನ ಅಂಗಡಿಯಲ್ಲಿ ಯುದ್ಧದ ಕಾಲದ್ದೊಂದು ಲಿಫ್ಟು ಇತ್ತು. ಕತ್ತರಿಯಂತೆ ಅಡ್ಡಡ್ಡ ಹಾಯ್ದ ಕಬ್ಬಿಣದ ಕಾಲುಗಳು. ಹಿಡಿಕೆ ತಿರುಗಿಸಿದರೆ ಕಾಲು ಕೂಡಿಕೊಂಡು ಮೇಲಿನ ತಟ್ಟೆ ಏಳುತ್ತದೆ. ಅವ್ವ ಗಡಿಗೆ ಕೊಳ್ಳುವವಳಂತೆ ಅದನ್ನು ಬೆರಳ ಗಂಟಿನಿಂದ ಬಡಿದು ನೋಡಿದಳು.

“ಇದು ಬಿದ್ದರ ಬೀಳಬಹುದವ್ವಾ. ಕುಣಿ ಏನ ಬೀಳೂದಿಲ್ಲ” ಎಂದ ಅಣ್ಣ.

“ಬೀಳೂದಿಲ್ಲ, ಖರೇ. ಕರೀತದ” ಎಂದಳು ಅವ್ವ.

ಲಿಫ್ಟು ಕೊಳ್ಳುವುದೆಂದು ಗೊತ್ತಾಯಿತು. ಕಟ್ಟಿಕೊಡುವಾಗ ಅಂಗಡಿಯವನು, “ಮಡಚಿದಾಗ ನೆಲಕ್ಕ ಸಮ ಕೂಡಬೇಕಂದ್ರ ಕೆಳಗೊಂದು ಕುಣಿ ಬೇಕಾಗ್ತದ್ರಿ” ಎಂದ. ಯಾವುದರಿಂದ ತಪ್ಪಿಸಿಕೊಳ್ಳಲು ಹೋಗಿದ್ದೆವೋ ಅದರೊಳಗೇ ಲಿಫ್ಟನ್ನು ಕೂರಿಸಿದೆವು.

ಕೆಲಸ ಚೆನ್ನಾಗಿಯೇ ನಡೆಯಿತು. ಒಂದು ಮಧ್ಯಾಹ್ನ ನರಗುಂದದಿಂದ ಬಂದ ಕಾರನ್ನು ಮೇಲೇರಿಸಿ ಅಣ್ಣ ಅದರ ಕೆಳಗೆ ನುಸುಳಿದ್ದ. ನಾನು ನೋಡುತ್ತಿದ್ದಂತೆಯೇ, ಯಾರೂ ಮುಟ್ಟದ ಹಿಡಿಕೆ ಹಿಮ್ಮುಖವಾಗಿ ತಿರುಗತೊಡಗಿತು. ಕಾರು ಸದ್ದಿಲ್ಲದೆ ಇಳಿಯುತ್ತಿತ್ತು. ಒಳಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಚೀರಲಿಲ್ಲ. ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಅಪ್ಪ ಹೋದಮೇಲೆ ನಾನು ಕೇಳದಿದ್ದ ದನಿಯಲ್ಲಿ ಕುಣಿಯ ಕಡೆ ನೋಡಿ ಹೇಳಿದಳು:

“ತಡೀರಿ ಒಂದೀಟ. ಹುಡುಗ ಕೆಳಗ ಅದಾನ.”

ಹಿಡಿಕೆ ನಿಂತಿತು. ಅಣ್ಣ ತೆವಳಿಕೊಂಡು ಹೊರಗೆ ಬಂದ.

ಆಮೇಲೆ ಬಿಚ್ಚಿ ನೋಡಿದೆವು. ಸ್ಕ್ರೂವಿನ ಹಲ್ಲುಗಳ ನಡುವೆ ನೂಲಿನ ಉಂಡೆಯೊಂದು ಬಿಗಿಯಾಗಿ ಸಿಕ್ಕಿಕೊಂಡಿತ್ತು. ಮೆಕ್ಯಾನಿಕರು ಕೈ ಒರೆಸುವುದು ನೂಲಿನ ಚಿಂದಿಯಿಂದಲೇ, ಅದರಲ್ಲಿ ವಿಶೇಷವಿಲ್ಲ. ಅಣ್ಣ ಬಳಸುತ್ತಿದ್ದುದು ಬಿಳಿ ನೂಲು, ಇದು ಕೆಂಪು, ಅಪ್ಪ ಸೀರೆಯ ದಡಿಗೆ ಹಾಕುತ್ತಿದ್ದಂಥದು. ಕುಣಿಯ ಗೋಡೆಯಲ್ಲಿ ಎಲ್ಲಿಯೋ ಉಳಿದಿದ್ದೀತು ಎಂದು ನಾನು ಹೇಳಿದೆ. ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಈಗ ರೋಣದಿಂದಲೂ ಜನ ಬಂದು, ಎಂಥ ಲಿಫ್ಟು ಕೊಳ್ಳಬೇಕೆಂದು ಅಣ್ಣನನ್ನು ಕೇಳುತ್ತಾರೆ. ಅವನು ಭಾರ, ಎತ್ತರ, ಸ್ಕ್ರೂ ಎಂದೆಲ್ಲ ವಿವರಿಸುತ್ತಾನೆ. ಕಾರಿನ ಕೆಳಗೆ ಆಧಾರಕ್ಕೆ ಜಾಲಿಯ ದಿಮ್ಮಿ ಕೊಡುವುದನ್ನು ಮರೆಯಬೇಡಿ ಎನ್ನುತ್ತಾನೆ. ತಾನು ಮಾತ್ರ ದಿಮ್ಮಿ ಕೊಟ್ಟ ಮೇಲೂ ಬಗ್ಗಿ, “ಅಪ್ಪಾ, ಗಟ್ಟಿ ಹಿಡದೀ ಇಲ್ಲೋ?” ಎಂದು ಕೇಳುತ್ತಾನೆ. ಹಿಡಿಕೆ ಅಲುಗದಿದ್ದರೆ ಅದನ್ನೇ ಹೌದೆಂದು ತಿಳಿದು ಒಳಗೆ ಹೋಗುತ್ತಾನೆ. ಅಪ್ಪ ಹೌದೆಂದು ತಲೆ ಆಡಿಸಲು ಹೋಗಿ ಹಿಡಿಕೆಯನ್ನೇ ಆಡಿಸಿಬಿಟ್ಟರೆ ಏನು ಗತಿ ಎಂದು ಮಾತ್ರ ನಾವ್ಯಾರೂ ಇನ್ನೂ ಬಾಯಿಬಿಟ್ಟು ಕೇಳಿಲ್ಲ.